ಗುಂಡಿನ ಮಳೆಯಲ್ಲಿ ಒಂದು ಸಣ್ಣ ವಿಮಾನ

ಕಳೆದ ಸಂಚಿಕೆಯಲ್ಲಿ ಒಬ್ಬ ಓದುಗರು ನನಗೆ ತುಂಬಾ ಇಷ್ಟದ ಆಟ ಯಾವುದು ಎಂದು ಕೇಳಿದ್ದರು. ಎರಡೇ ಸಾಲಿನಲ್ಲಿ ಉತ್ತರಿಸಿದ್ದೆ. ಪರದೆಯ ತಳದಲ್ಲಿ ಒಂದು ಸಣ್ಣ ವಿಮಾನ, ಮೇಲಿನಿಂದ ಇಳಿದು ಬರುವ ಶತ್ರುಗಳು, ನಡುವೆ ಗುಂಡುಗಳ ಮಳೆ: ಆರ್ಕೇಡ್ (ನಾಣ್ಯ ಹಾಕಿ ಆಡುವ ಯಂತ್ರಗಳ) ಕಾಲದ ಶೂಟರ್ ಆಟಗಳು, ಅದರಲ್ಲೂ ಕೆಳಗಿನಿಂದ ಮೇಲಕ್ಕೆ ಸಾಗುವಂಥವು. ಆ ಎರಡು ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಎಂದು ನಾನು ಎಣಿಸಿರಲಿಲ್ಲ. ಓದಿ ತುಂಬಾ ಖುಷಿಯಾಯಿತು. ಈ ಸಲದ ಅಂಕಣ ಪೂರ್ತಿ ಆ ಪತ್ರಗಳಿಗೇ.

ಪ್ರಶ್ನೆ: ಮೇಡಂ, ನನ್ನ ತಮ್ಮ ಈ ಆಟ ಆಡುವಾಗ ಹಿಂದೆ ನಿಂತು ನೋಡಿದೆ. ಸ್ಕ್ರೀನ್ ತುಂಬಾ ಗುಲಾಬಿ, ನೀಲಿ ಗುಂಡುಗಳು. ಅವನ ವಿಮಾನ ಎಲ್ಲಿದೆ ಅಂತಲೇ ನನಗೆ ಗೊತ್ತಾಗಲಿಲ್ಲ. ಇಂಥ ಗೊಂದಲದಲ್ಲಿ ಏನು ಸುಖ ಇದೆ? — ಒಬ್ಬ ಅಕ್ಕ

ಹಿಂದೆ ನಿಂತು ನೋಡುವವರಿಗೆ ಅದು ಗೊಂದಲದ ಹಾಗೇ ಕಾಣುತ್ತದೆ. ಆದರೆ ಆ ಹೊತ್ತಿನಲ್ಲಿ ನಿಮ್ಮ ತಮ್ಮ ಓದುತ್ತಿದ್ದಾನೆ. ಹೌದು, ಓದುತ್ತಿದ್ದಾನೆ. ನನ್ನ ಮಟ್ಟಿಗೆ ಈ ಆಟಗಳ ಸುಖವೆಲ್ಲ ಇರುವುದು ಅಲ್ಲೇ.

ಮೊದಲು ಒಂದು ಗುಟ್ಟು ಹೇಳುತ್ತೇನೆ. ಅವನ ವಿಮಾನ ಪರದೆಯ ಮೇಲೆ ಹೆಬ್ಬೆರಳಿನಷ್ಟು ದೊಡ್ಡದಾಗಿ ಕಂಡರೂ, ಗುಂಡು ತಗುಲಿದರೆ ಸಾಯುವ ಭಾಗ ಅದರ ನಡುವಿನ ಒಂದು ಚುಕ್ಕೆ ಮಾತ್ರ. ಆಡುವವರು ಇದನ್ನು ಹಿಟ್‌ಬಾಕ್ಸ್ ಎನ್ನುತ್ತಾರೆ. ತುಂಬಾ ಗುಂಡು ಸುರಿಯುವ ಆಟಗಳಲ್ಲಿ ಅದು ಕೆಲವೇ ಪಿಕ್ಸೆಲ್‌ಗಳಷ್ಟು ಇರುತ್ತದೆ. ರೆಕ್ಕೆಯ ಮೇಲೆ ಗುಂಡು ಹಾದುಹೋದರೂ ಏನೂ ಆಗುವುದಿಲ್ಲ. ಇದು ತಿಳಿದ ಮೇಲೆ ಅದೇ ಪರದೆ ಬೇರೆ ಥರ ಕಾಣುತ್ತದೆ. ಗುಂಡಿನ ಗೋಡೆ ಅಂದುಕೊಂಡಿದ್ದರಲ್ಲಿ ಓಣಿಗಳು ಕಾಣಿಸುತ್ತವೆ.

ಎರಡನೆಯದು, ಗುಂಡು ಜಾಸ್ತಿ ಇರುವ ಆಟಗಳಲ್ಲಿ ಅವು ಬರುವ ವೇಗ ಕಡಿಮೆ. ತೇಲಿ ಬರುತ್ತವೆ ಎನ್ನಬಹುದು. ಎಲ್ಲಕ್ಕೂ ಒಂದು ನಡೆ ಇದೆ. ಕೆಲವು ಗುಂಡುಗಳನ್ನು ನಿಮ್ಮನ್ನೇ ಗುರಿಯಿಟ್ಟು ಬಿಡುತ್ತಾರೆ. ಗುಂಡು ಹೊರಟ ಕ್ಷಣದಲ್ಲಿ ನೀವು ಎಲ್ಲಿದ್ದಿರೋ ಅಲ್ಲಿಗೇ ಅದು ಬರುವುದು. ಆಮೇಲೆ ದಾರಿ ಬದಲಿಸುವುದಿಲ್ಲ. ಹಾಗಾಗಿ ಸ್ವಲ್ಪವೇ ಪಕ್ಕಕ್ಕೆ ಸರಿದರೆ ಸಾಕು. ಸ್ಟಿಕ್ಕನ್ನು ಮೆಲ್ಲಗೆ ಒಂದೊಂದೇ ಸಲ ತಟ್ಟುತ್ತಾ ಒಂದೇ ಕಡೆಗೆ ಸರಿಯುತ್ತಾ ಹೋದರೆ, ಇಡೀ ಸಾಲು ನಿಮ್ಮ ಬೆನ್ನಿಗೆ ಬೀಳುತ್ತಾ ಹೋಗುತ್ತದೆ. ಹೆದರಿಕೊಂಡು ಆ ಕಡೆ ಈ ಕಡೆ ಓಡಿದಿರೋ, ಪರದೆಯ ಮೂಲೆಮೂಲೆಗೂ ಗುಂಡು ಹರಡಿ ನಿಮ್ಮ ದಾರಿಯನ್ನು ನೀವೇ ಮುಚ್ಚಿದ ಹಾಗೆ. ಅಂಚು ತಲುಪಿದಾಗ ಮಾತ್ರ ಒಂದು ದೊಡ್ಡ ನೆಗೆತ ಬೇಕು. ಆಗ ಸಾಲಿನಲ್ಲಿ ಒಂದು ಕಿಂಡಿ ಬೀಳುತ್ತದೆ. ಅದರಲ್ಲಿ ನುಗ್ಗಿ ಮತ್ತೆ ಇನ್ನೊಂದು ದಿಕ್ಕಿಗೆ ಮೆಲ್ಲಗೆ ಸರಿಯಬೇಕು.

ಬೀಸಣಿಗೆಯ ಹಾಗೆ ಹರಡಿ ಬರುವ ಗುಂಡುಗಳಲ್ಲೂ ಒಂದು ಲೆಕ್ಕವಿದೆ. ಗುರಿಯಿಟ್ಟು ಬಿಟ್ಟ ಬೀಸಣಿಗೆಯಲ್ಲಿ 3, 5 ಅಥವಾ 7 ಗುಂಡುಗಳಿದ್ದರೆ, ನಡುವಿನ ಗುಂಡು ನೇರ ನಿಮ್ಮ ಮೇಲೇ ಬರುತ್ತದೆ. ಸರಿಯಬೇಕು. 2, 4 ಅಥವಾ 6 ಇದ್ದರೆ ನಡುವೆ ಗುಂಡೇ ಇಲ್ಲ, ಎರಡೂ ಬದಿಯಿಂದ ಹಾದುಹೋಗುತ್ತವೆ. ಅಲುಗಾಡದೆ ನಿಂತಿರಬೇಕು. ಸಾವು ಎದುರಿಗೆ ಬರುವಾಗ ಕೈಯನ್ನು ಸುಮ್ನೆ ಇಟ್ಟುಕೊಳ್ಳುವುದು ಎಷ್ಟು ಕಷ್ಟ, ಸಾಧ್ಯವಾದಾಗ ಎಷ್ಟು ಹಿತ ಎನ್ನುವುದನ್ನು ಮಾತಿನಲ್ಲಿ ಹೇಳುವುದು ನನಗೆ ಕಷ್ಟ.

ಇನ್ನು ಕೆಲವು ಗುಂಡುಗಳಿಗೆ ನೀವು ಎಲ್ಲಿದ್ದೀರಿ ಅನ್ನುವುದೇ ಬೇಕಿಲ್ಲ. ಉಂಗುರ, ಸುರುಳಿ, ಹೂವಿನ ಎಸಳು, ಹೀಗೆ ಒಂದೇ ಆಕಾರದಲ್ಲಿ ಪ್ರತಿ ಸಲವೂ ಬರುತ್ತವೆ. ಇವನ್ನು ಮನಸ್ಸಿನಲ್ಲಿ ಉಳಿಸಿಕೊಳ್ಳಬಹುದು. ಕೊನೆಗೆ ಯಾವ ನಿಯಮವೂ ಇಲ್ಲದೆ ಚದುರಿ ಬೀಳುವ ಗುಂಡುಗಳೂ ಇವೆ. ಅವನ್ನು ಆ ಕ್ಷಣಕ್ಕೆ ಕಣ್ಣಿಂದಲೇ ಓದಬೇಕು. ಒಳ್ಳೆಯ ಬಾಸ್ (ಸ್ಟೇಜಿನ ಕೊನೆಗೆ ಎದುರಾಗುವ ದೊಡ್ಡ ಶತ್ರು) ಎಂದರೆ ಈ ಮೂರನ್ನೂ ಒಂದರ ಮೇಲೊಂದು ಹೊಂದಿಸಿ ಕೊಡುವಂಥದ್ದು. ಉಂಗುರ ನಿಮ್ಮನ್ನು ಒಂದು ಓಣಿಯೊಳಗೆ ನಿಲ್ಲಿಸುತ್ತದೆ, ಗುರಿಯಿಟ್ಟ ಗುಂಡು ಆ ಓಣಿಯಿಂದ ಹೊರಡಿಸುತ್ತದೆ.

ಹಗಲೆಲ್ಲ ನನ್ನ ಕೆಲಸ ಅಚ್ಚಿಗೆ ಹೋಗುವ ಪುಟಗಳ ಕರಡು ತಿದ್ದುವುದು. ಆ ಕೆಲಸದಲ್ಲಿ ಕಣ್ಣು ಒಂದೊಂದೇ ಅಕ್ಷರಕ್ಕೆ ಅಂಟಿಕೊಂಡರೆ ತಪ್ಪು ಸಿಗುವುದಿಲ್ಲ, ಸಾಲನ್ನು ಒಟ್ಟಿಗೆ ಹಿಡಿಯಬೇಕು. ಇಲ್ಲೂ ಹಾಗೇ. ಒಂದೊಂದು ಗುಂಡನ್ನೇ ನೋಡಿದರೆ ಸತ್ತೆವು ಅಂತಲೇ ಲೆಕ್ಕ. ವಿಮಾನದ ಸ್ವಲ್ಪ ಮೇಲಿನ ಖಾಲಿ ಜಾಗಗಳನ್ನು ನೋಡಬೇಕು. ಒಂದು ದಿನ ಇದ್ದಕ್ಕಿದ್ದಂತೆ ಗುಂಡುಗಳು ಹಿಂದೆ ಸರಿದು ಜಾಗಗಳು ಮುಂದೆ ಬರುತ್ತವೆ. ಇಲ್ಲಿ ಏನನ್ನೂ ಬಚ್ಚಿಟ್ಟಿಲ್ಲ. ನಿಮ್ಮನ್ನು ಕೊಲ್ಲಲಿರುವುದೆಲ್ಲ ಕಣ್ಣೆದುರಿಗೇ ಇದೆ, ಬಣ್ಣ ಬಳಿದುಕೊಂಡು, ಮುಂಚೆಯೇ ಹೇಳಿ ಬರುತ್ತಿದೆ. ಇಷ್ಟು ಪ್ರಾಮಾಣಿಕವಾದ ಆಟ ಬೇರೊಂದು ನನಗೆ ಸಿಕ್ಕಿಲ್ಲ.

ಮುಂದಿನ ಸಲ ತಮ್ಮನ ಹಿಂದೆ ನಿಂತಾಗ ಅವನ ವಿಮಾನದ ನಡುವಿನ ಚುಕ್ಕೆಯನ್ನೇ ನೋಡಿ. ಬೇರೇನೂ ನೋಡಬೇಡಿ.

ಪ್ರಶ್ನೆ: ಎಡದಿಂದ ಬಲಕ್ಕೆ ಸಾಗುವ ಶೂಟರ್‌ಗಳೂ ಇವೆ ಅಲ್ವಾ? ಮೇಲಕ್ಕೆ ಸಾಗುವುದರಲ್ಲಿ ಅಂಥದ್ದೇನು ವಿಶೇಷ? — ಎಂಜಿನಿಯರಿಂಗ್ ವಿದ್ಯಾರ್ಥಿ

ಇವೆ, ಮತ್ತು ಅದ್ಭುತವಾದವೂ ಇವೆ. 1985ರ ಗ್ರೇಡಿಯಸ್, 1987ರ ಆರ್-ಟೈಪ್ ಎರಡೂ ಅಡ್ಡ ಸಾಗುವ ಆಟಗಳೇ. ಅವುಗಳ ಜೀವ ಇರುವುದು ನೆಲ, ಗೋಡೆ, ಗುಹೆಗಳಲ್ಲಿ. ಇಕ್ಕಟ್ಟಾದ ಜಾಗದಲ್ಲಿ ವಿಮಾನವನ್ನು ನುಸುಳಿಸುವ ಆಟ ಅದು. ಗೋಡೆ ಮುಟ್ಟಿದರೂ ಸಾವು.

ಮೇಲಕ್ಕೆ ಸಾಗುವ ಆಟಗಳಲ್ಲಿ ಸಾಮಾನ್ಯವಾಗಿ ಗೋಡೆಗಳಿರುವುದಿಲ್ಲ. ಕೆಳಗೆ ಕಾಣುವ ಕಾಡು, ಸಮುದ್ರ, ನಗರ ಬರೀ ಚಿತ್ರ. ಅಡ್ಡಿ ಅಂತ ಇರುವುದು ಗುಂಡು ಮತ್ತು ಶತ್ರು ಮಾತ್ರ. ಇಡೀ ಪರದೆ ಖಾಲಿ ಹಾಳೆ. ಅದರ ಮೇಲೆ ಏನು ಬೇಕಾದರೂ ಬರೆಯಬಹುದು.

ಪರದೆಯೂ ಬೇರೆ. ಆರ್ಕೇಡ್ ಯಂತ್ರಗಳಲ್ಲಿ ಈ ಆಟಗಳಿಗಾಗಿ ಟಿವಿಯ ಕೊಳವೆಯನ್ನೇ ಪಕ್ಕಕ್ಕೆ ತಿರುಗಿಸಿ ಎತ್ತರಕ್ಕೆ ಕೂರಿಸುತ್ತಿದ್ದರು. ಜಪಾನಿನ ಕೇವ್ ಕಂಪನಿಯ ತೊಂಬತ್ತರ ದಶಕದ ಆಟಗಳ ಪರದೆ 240 ಪಿಕ್ಸೆಲ್ ಅಗಲ, 320 ಪಿಕ್ಸೆಲ್ ಎತ್ತರ. ನೀವು ತಳದಲ್ಲಿರುತ್ತೀರಿ, ಅಪಾಯ ಮೇಲಿನಿಂದ ಹೊರಡುತ್ತದೆ. ನಡುವಿನ ಆ ಎತ್ತರವೇ ನಿಮಗೆ ಸಿಗುವ ಓದುವ ಸಮಯ. ಅಗಲ ಕಡಿಮೆ ಇರುವುದರಿಂದ ಎರಡೂ ಅಂಚು ಒಂದೇ ನೋಟದಲ್ಲಿ ಸಿಗುತ್ತವೆ. ಎಡ ಬಲ ಎರಡೂ ಸಮ. ಶತ್ರು ಎಡದಿಂದ ಬಂದರೂ ಬಲದಿಂದ ಬಂದರೂ ಅದೇ ಲೆಕ್ಕ. ಗುಂಡಿನ ವಿನ್ಯಾಸಗಳು ಅಷ್ಟು ಚೆಂದವಾಗಿ ಅರಳುವುದು ಈ ಸಮತೋಲದಿಂದಲೇ ಅಂತ ನನಗನಿಸುತ್ತದೆ.

ನನ್ನ ಮೇಜಿನ ಮೇಲೂ ಒಂದು ಹಳೆಯ ಮಾನಿಟರ್ ಪಕ್ಕಕ್ಕೆ ಮಲಗಿದೆ. ಅಗಲ ಪರದೆಯ ನಡುವೆ ಸಣ್ಣ ಪಟ್ಟಿಯಲ್ಲಿ ಆಡುವುದಕ್ಕೂ, ತಿರುಗಿಸಿದ ಪರದೆಯ ಪೂರ್ತಿ ಎತ್ತರದಲ್ಲಿ ಆಡುವುದಕ್ಕೂ ಎಷ್ಟು ವ್ಯತ್ಯಾಸ ಎಂದರೆ, ಎರಡನ್ನೂ ಒಂದೇ ಆಟ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ನಿಮ್ಮ ಮಾನಿಟರಿನ ಸ್ಟ್ಯಾಂಡ್ ತಿರುಗುವಂಥದ್ದಾದರೆ ಒಮ್ಮೆ ಮಾಡಿ ನೋಡಿ. ಈಗಿನ ಮರುಬಿಡುಗಡೆಗಳಲ್ಲಿ ಚಿತ್ರವನ್ನು ತಿರುಗಿಸುವ ಆಯ್ಕೆ ಸಾಮಾನ್ಯವಾಗಿ ಸೆಟ್ಟಿಂಗ್ಸ್‌ನಲ್ಲೇ ಇರುತ್ತದೆ.

ಪ್ರಶ್ನೆ: ಇದೆಲ್ಲ ಶುರುವಾಗಿದ್ದು ಎಲ್ಲಿಂದ? — ಶಾಲಾ ಶಿಕ್ಷಕ

ಸರ್, 1978ರಿಂದ ಶುರು ಮಾಡೋಣ. ಆ ವರ್ಷ ಜಪಾನಿನ ಟೈಟೋ ಕಂಪನಿಯಿಂದ ಸ್ಪೇಸ್ ಇನ್ವೇಡರ್ಸ್ ಬಂತು. ಮಾಡಿದವರು ತೊಮೊಹಿರೊ ನಿಶಿಕಾಡೊ. ಇದರಲ್ಲಿ ಪರದೆ ಸಾಗುವುದಿಲ್ಲ. ಆದರೆ ತಳದಲ್ಲಿ ನೀವು, ಮೇಲಿನಿಂದ ಇಳಿಯುವ ಶತ್ರುಗಳು ಎಂಬ ಚೌಕಟ್ಟು ಗಟ್ಟಿಯಾಗಿದ್ದು ಇಲ್ಲೇ.

ಈ ಆಟದ ಒಂದು ಸಂಗತಿ ನಿಮ್ಮ ಮಕ್ಕಳಿಗೆ ಹೇಳಿ, ಅವರಿಗೆ ಇಷ್ಟವಾಗುತ್ತದೆ. ಇದರಲ್ಲಿ 5 ಸಾಲು, ಸಾಲಿಗೆ 11 ಎಂದು ಒಟ್ಟು 55 ಶತ್ರುಗಳು. ಯಂತ್ರಕ್ಕೆ ಎಲ್ಲರನ್ನೂ ಒಟ್ಟಿಗೆ ಕದಲಿಸುವ ಶಕ್ತಿ ಇರಲಿಲ್ಲ. ಪರದೆಯ ಒಂದೊಂದು ಚೌಕಟ್ಟಿಗೆ, ಅಂದರೆ ಒಂದರ ಹಿಂದೆ ಒಂದು ಮೂಡುವ ಒಂದೊಂದು ಚಿತ್ರಕ್ಕೆ, ಒಬ್ಬನನ್ನು ಮಾತ್ರ ಮುಂದೆ ಸರಿಸುತ್ತಿತ್ತು. ಹಾಗಾಗಿ 55 ಜನ ಇದ್ದಾಗ ಇಡೀ ದಂಡು ಒಂದು ಹೆಜ್ಜೆ ಇಡಲು 55 ಚೌಕಟ್ಟು ಬೇಕು. ಹತ್ತೇ ಜನ ಉಳಿದರೆ ಹತ್ತೇ ಚೌಕಟ್ಟು. ನೀವು ಹೊಡೆಯುತ್ತಾ ಹೋದ ಹಾಗೆ ಉಳಿದವರ ವೇಗ ತಾನಾಗಿಯೇ ಏರುತ್ತದೆ. ಕೊನೆಯವನು ಓಡುತ್ತಾನೆ! ಯಂತ್ರದ ಮಿತಿಯಿಂದ ಹುಟ್ಟಿದ ಈ ಗುಣವನ್ನು ನಿಶಿಕಾಡೊ ತೆಗೆದುಹಾಕದೆ ಹಾಗೇ ಉಳಿಸಿಕೊಂಡರು. ಆಟದ ಎದೆಬಡಿತವೇ ಅದಾಯಿತು.

1979ರ ಗ್ಯಾಲಕ್ಸಿಯನ್‌ನಲ್ಲಿ ಶತ್ರುಗಳು ಸಾಲು ಬಿಟ್ಟು ಎರಗತೊಡಗಿದರು. 1981ರ ಗ್ಯಾಲಗಾದಲ್ಲಿ ಶತ್ರು ನಿಮ್ಮ ವಿಮಾನವನ್ನೇ ಕಿರಣ ಬೀಸಿ ಎಳೆದುಕೊಂಡು ಹೋಗುತ್ತದೆ. ಅದನ್ನು ಬಿಡಿಸಿಕೊಂಡರೆ ಎರಡು ವಿಮಾನ ಜೋಡಿಯಾಗಿ ಹಾರುತ್ತವೆ, ಗುಂಡು ಎರಡು ಪಟ್ಟು, ಆದರೆ ಪೆಟ್ಟು ಬೀಳುವ ಮೈಯೂ ಎರಡು ಪಟ್ಟು. ಎರಡೂ ನಾಮ್ಕೊ ಕಂಪನಿಯ ಆಟಗಳು. ಎಂಬತ್ತರ ದಶಕದ ಆರಂಭದಲ್ಲಿ ಅದೇ ಕಂಪನಿಯಿಂದ ಮಸನೊಬು ಎಂಡೊ ಅವರ ಝೆವಿಯಸ್ ಬಂತು. ಕಾಡು, ನದಿಗಳ ಮೇಲೆ ಪರದೆ ಸಾಗುತ್ತದೆ, ಆಕಾಶದ ಶತ್ರುವಿಗೆ ಒಂದು ಬಟನ್, ನೆಲದ ಶತ್ರುವಿಗೆ ಇನ್ನೊಂದು. ಬರಿಗಣ್ಣಿಗೆ ಕಾಣದ ಗೋಪುರಗಳು ನೆಲದಲ್ಲಿ ಅಡಗಿದ್ದವು. ಸರಿಯಾದ ಜಾಗಕ್ಕೆ ಬಾಂಬ್ ಹಾಕಿದರೆ ಮೇಲೇಳುತ್ತಿದ್ದವು.

ಇಲ್ಲಿ ಒಬ್ಬ ಹೆಣ್ಣುಮಗಳ ಹೆಸರು ಹೇಳದೆ ಮುಂದೆ ಹೋಗಲಾರೆ. ಕ್ಯಾರಲ್ ಶಾ. ಅಮೆರಿಕದ ಆ್ಯಕ್ಟಿವಿಷನ್ ಕಂಪನಿಯಲ್ಲಿದ್ದ ಅವರು 1982ರಲ್ಲಿ ಅಟಾರಿ 2600 ಯಂತ್ರಕ್ಕೆ ರಿವರ್ ರೇಡ್ ಬರೆದರು. ಮನೆಯ ಟಿವಿಗೆ ಜೋಡಿಸಿ ಆಡುವ ಆಟ ಅದು. ನದಿಯ ಮೇಲೆ ಹಾರುತ್ತಾ ಹೋಗಬೇಕು, ಇಂಧನ ಮುಗಿಯುವ ಮೊದಲು ತುಂಬಿಸಿಕೊಳ್ಳಬೇಕು. ಇಂಧನದ ಟ್ಯಾಂಕನ್ನು ಹೊಡೆದರೂ ಅಂಕ ಸಿಗುತ್ತದೆ. ಹಾಗಾಗಿ ತುಂಬಿಸಿಕೊಳ್ಳುವುದೋ ಹೊಡೆಯುವುದೋ ಎಂಬ ಪ್ರಶ್ನೆ ಪ್ರತಿ ಸಲವೂ ಎದುರಾಗುತ್ತದೆ. ಇಷ್ಟೂ ಆಟ ಕೇವಲ 4 ಕಿಲೋಬೈಟ್‌ನಲ್ಲಿ! ಅಷ್ಟು ಉದ್ದದ ನದಿಯನ್ನು ಅಷ್ಟರಲ್ಲಿ ತುಂಬಿಸುವುದು ಸಾಧ್ಯವೇ ಇರಲಿಲ್ಲ. ಆದ್ದರಿಂದ ಅವರು ನದಿಯನ್ನು ಬರೆದಿಡಲಿಲ್ಲ, ಅದನ್ನು ಹುಟ್ಟಿಸುವ ಸೂತ್ರವನ್ನು ಬರೆದಿಟ್ಟರು. ಆ ಸೂತ್ರ ಪ್ರತಿ ಸಲವೂ ಅದೇ ದಡ, ಅದೇ ದ್ವೀಪಗಳನ್ನು ಬಿಡಿಸುತ್ತಿತ್ತು. ಇಂಥ ಜಾಣ್ಮೆಗೆ ನಾನು ಎಷ್ಟು ಸಲ ತಲೆಬಾಗಿದರೂ ಕಡಿಮೆಯೇ.

ಆಮೇಲಿನದು ಚುಟುಕಾಗಿ. ಟೋಪ್ಲಾನ್ ಎಂಬ ಜಪಾನಿನ ಸಣ್ಣ ಕಂಪನಿ 1985ರ ಟೈಗರ್-ಹೆಲಿಯಿಂದ ಹಿಡಿದು ಸಾಲುಸಾಲಾಗಿ ಒಳ್ಳೆಯ ಶೂಟರ್‌ಗಳನ್ನು ಮಾಡಿತು. 1993ರಲ್ಲಿ ಅವರು ಮಾಡಿದ ಬ್ಯಾಟ್ಸುಗನ್‌ನಿಂದಲೇ ಗುಂಡಿನ ಮಳೆಯ ಆಟಗಳು, ಅಂದರೆ ಡಾನ್ಮಾಕು, ಶುರುವಾದವು ಎಂದು ಹಲವರು ಹೇಳುತ್ತಾರೆ. ಮರುವರ್ಷ ಕಂಪನಿ ಮುಚ್ಚಿತು. ಅಲ್ಲಿದ್ದ ಕೆಲವರು ಸೇರಿ ಕೇವ್ ಕಂಪನಿಯಲ್ಲಿ ಕೆಲಸ ಮುಂದುವರಿಸಿದರು. ಅವರಲ್ಲಿ ತ್ಸುನೆಕಿ ಇಕೇಡಾ ಒಬ್ಬರು. 1995ರಲ್ಲಿ ಡಾನ್‌ಪಾಚಿ, 1997ರಲ್ಲಿ ಡೊಡಾನ್‌ಪಾಚಿ ಬಂದವು. ನಿಮ್ಮ ಹುಡುಗರು ಇವತ್ತು ನೋಡುವ ಗುಂಡಿನ ಮಳೆ ಬಹುಪಾಲು ಅಲ್ಲಿಂದಲೇ ಇಳಿದು ಬಂದದ್ದು.

ಪ್ರಶ್ನೆ: ಕಂಟಿನ್ಯೂ ಒತ್ತಿ ಒತ್ತಿ ಒಂದು ಆಟವನ್ನು ಅರ್ಧ ಗಂಟೆಯಲ್ಲಿ ಮುಗಿಸಿದೆ. ಇಷ್ಟೇನಾ ಅನ್ನಿಸಿತು. ಇಷ್ಟು ಸಣ್ಣ ಆಟಕ್ಕೆ ಜನ ವರ್ಷಗಟ್ಟಲೆ ಅಂಟಿಕೊಳ್ಳುವುದು ಯಾಕೆ? — ಬೇಸರಗೊಂಡ ಓದುಗ

ನಿಮ್ಮ ಬೇಸರ ನ್ಯಾಯವಾದದ್ದೇ. ಕಂಟಿನ್ಯೂ ಒತ್ತಿ ಮುಗಿಸಿದರೆ ನೀವು ಆಟದ ಚಿತ್ರಗಳನ್ನು ನೋಡಿದಿರಿ ಅಷ್ಟೇ. ಅದರಲ್ಲೂ ತಪ್ಪಿಲ್ಲ. ಮೊದಲ ಸಲ ಏನೇನಿದೆ ಎಂದು ನೋಡಲು ನಾನೂ ಹಾಗೇ ಮಾಡುತ್ತೇನೆ.

ಆದರೆ ಸತ್ತ ಜಾಗದಲ್ಲೇ ಎದ್ದು ನಿಂತು, ಲೆಕ್ಕವಿಲ್ಲದಷ್ಟು ಲೈಫ್ ಸಿಗುವಾಗ, ಯಾವ ಗುಂಡಿಗೂ ಬೆಲೆ ಇರುವುದಿಲ್ಲ. ಬೆಲೆ ಇಲ್ಲದ್ದನ್ನು ಕಣ್ಣು ಓದುವುದಿಲ್ಲ. ಈ ಆಟಗಳನ್ನು ಪ್ರೀತಿಸುವವರಿಗೆ ಒಂದೇ ಗುರಿ. ಒಂದು ಕ್ರೆಡಿಟ್, ಅಂದರೆ ಯಂತ್ರಕ್ಕೆ ಹಾಕಿದ ಒಂದೇ ನಾಣ್ಯದಲ್ಲಿ, ಮೊದಲಿನಿಂದ ಕೊನೆಯವರೆಗೆ. ನಿಮಗೆ ಸಿಕ್ಕಿದ ಮೂರು ಲೈಫ್, ಕೆಲವು ಬಾಂಬ್, ಸ್ಕೋರ್ ಏರಿದಾಗ ಸಿಗುವ ಇನ್ನೊಂದೆರಡು ಲೈಫ್. ಇಷ್ಟರಲ್ಲೇ ಸಂಸಾರ.

ಹೀಗೆ ಆಡಲು ಶುರು ಮಾಡಿದ ದಿನ ಅದೇ ಅರ್ಧ ಗಂಟೆಯ ಆಟ ತಿಂಗಳುಗಟ್ಟಲೆ ಹಿಗ್ಗುತ್ತದೆ. ಯಾಕೆಂದರೆ ಅದು ಬದಲಾಗುವುದಿಲ್ಲ. ಎರಡನೇ ಸ್ಟೇಜಿನಲ್ಲಿ ಬಲಗಡೆಯಿಂದ ಬರುವ ಟ್ಯಾಂಕ್ ನಾಳೆಯೂ ಬಲಗಡೆಯಿಂದಲೇ ಬರುತ್ತದೆ. ಒಂದು ಹಾಡನ್ನು ಬಾಯಿಪಾಠ ಮಾಡಿದ ಹಾಗೆ, ಮೊದಲು ಸಾಲು ಬರುತ್ತದೆ, ಆಮೇಲೆ ಚರಣ ಬರುತ್ತದೆ, ಕೊನೆಗೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ತಿಳಿಯುತ್ತದೆ. ಟ್ಯಾಂಕ್ ಬರುವ ಮೊದಲೇ ನೀವು ಅಲ್ಲಿದ್ದು, ಅದು ಒಂದು ಗುಂಡೂ ಬಿಡುವ ಮುಂಚೆ ಹೊಡೆದಿರುತ್ತೀರಿ. ಕಳೆದ ವಾರ ನಿಮ್ಮನ್ನು ಕೊಂದ ಜಾಗ ಈಗ ವಿಶ್ರಾಂತಿಯ ಜಾಗ.

ಬಾಂಬ್ ಬಗ್ಗೆ ಒಂದು ಮಾತು, ಇದು ಎಲ್ಲರಿಗೂ. ಬಾಂಬ್ ಒತ್ತಿದರೆ ಪರದೆಯ ಗುಂಡುಗಳು ಅಳಿದು ಹೋಗುತ್ತವೆ, ಒಂದೆರಡು ಕ್ಷಣ ನಿಮಗೆ ಏನೂ ಆಗುವುದಿಲ್ಲ. ಬಹಳ ಜನ ಅದನ್ನು ಕೂಡಿಟ್ಟುಕೊಂಡು ಸಾಯುತ್ತಾರೆ. ಎಲ್ಲಿ ಖಂಡಿತ ಸಾಯುತ್ತೀರಿ ಅಂತ ಗೊತ್ತೋ ಅಲ್ಲಿಗೆ ಒಂದು ಬಾಂಬ್ ಮೀಸಲಿಡಿ. ಅಲ್ಲಿಗೆ ಬಂದಾಗ ಧೈರ್ಯ ತೋರಿಸಲು ಹೋಗಬೇಡಿ, ಒತ್ತಿಬಿಡಿ.

ಡೊಡಾನ್‌ಪಾಚಿಯಲ್ಲಿ ಮೊದಲ ಸುತ್ತನ್ನು ಚೆನ್ನಾಗಿ ಆಡಿ ಮುಗಿಸಿದವರಿಗೆ ಮಾತ್ರ ಎರಡನೇ ಸುತ್ತು ತೆರೆಯುತ್ತದೆ, ಅದರ ತುದಿಯಲ್ಲಿ ಹಿಬಾಚಿ ಎಂಬ ಜೇನುನೊಣದ ಆಕಾರದ ಬಾಸ್ ಕಾದಿರುತ್ತದೆ. ನಾನು ಅದನ್ನು ವೀಡಿಯೊಗಳಲ್ಲಿ ಮಾತ್ರ ನೋಡಿದ್ದೇನೆ. ಒಬ್ಬ ಮನುಷ್ಯನ ಎರಡು ಕೈ ಅಷ್ಟು ಗುಂಡುಗಳ ನಡುವೆ ಬದುಕಿ ಹೊರಬರುವುದನ್ನು ನೋಡಿದಾಗ ನನಗೆ ಕಣ್ಣು ತುಂಬಿ ಬಂದಿತ್ತು.

ಪ್ರಶ್ನೆ: ಬದುಕಿ ಉಳಿಯುವುದೇ ಕಷ್ಟ. ಇದರಲ್ಲಿ ಸ್ಕೋರ್ ಯಾಕೆ ಬೇಕು? — ಒಬ್ಬ ಹೊಸ ಆಟಗಾರ

ಬೇಡ ಅನ್ನಿಸಿದರೆ ಬಿಟ್ಟುಬಿಡಿ. ನಿಜವಾಗಿ ಹೇಳುತ್ತಿದ್ದೇನೆ, ಬಿಟ್ಟರೂ ಆಟ ಪೂರ್ತಿಯಾಗಿಯೇ ಸಿಗುತ್ತದೆ. ಆದರೆ ಒಳ್ಳೆಯ ಆಟಗಳಲ್ಲಿ ಸ್ಕೋರ್ ಎನ್ನುವುದು ಅದೇ ಸ್ಟೇಜಿಗೆ ಮಾಡಿದ ಎರಡನೇ ವಿನ್ಯಾಸ. ಡೊಡಾನ್‌ಪಾಚಿಯಲ್ಲಿ ಒಬ್ಬ ಶತ್ರು ಸತ್ತ ಮೇಲೆ ಒಂದು ಸಣ್ಣ ಮೀಟರ್ ಇಳಿಯತೊಡಗುತ್ತದೆ. ಅದು ಖಾಲಿಯಾಗುವ ಮೊದಲು ಇನ್ನೊಬ್ಬನನ್ನು ಹೊಡೆದರೆ ಸರಪಳಿ ಮುಂದುವರಿಯುತ್ತದೆ. ಇಡೀ ಸ್ಟೇಜನ್ನು ಒಂದೇ ಸರಪಳಿಯಲ್ಲಿ ಪೋಣಿಸುವವರಿದ್ದಾರೆ. ಆಗ ಎಲ್ಲರನ್ನೂ ಬೇಗ ಕೊಲ್ಲುವಂತಿಲ್ಲ. ಯಾರನ್ನು ಉಳಿಸಿಕೊಂಡು ಯಾವಾಗ ಹೊಡೆಯಬೇಕು ಎಂದು ಯೋಚಿಸಬೇಕು.

2001ರಲ್ಲಿ ಟ್ರೆಷರ್ ಕಂಪನಿ ತಂದ ಇಕರುಗ ಇನ್ನೂ ದೂರ ಹೋಗುತ್ತದೆ. ಎಲ್ಲವೂ ಕಪ್ಪು ಅಥವಾ ಬಿಳಿ. ನಿಮ್ಮ ವಿಮಾನವೂ ಒಂದು ಬಟನ್‌ನಿಂದ ಬಣ್ಣ ಬದಲಿಸುತ್ತದೆ. ನಿಮ್ಮದೇ ಬಣ್ಣದ ಗುಂಡು ಬಿದ್ದರೆ ಸಾಯುವುದಿಲ್ಲ, ಅದನ್ನು ಹೀರಿಕೊಂಡು ಶಕ್ತಿ ತುಂಬಿಸಿಕೊಳ್ಳುತ್ತೀರಿ. ಎದುರು ಬಣ್ಣದ ಶತ್ರುವಿಗೆ ಹೊಡೆದರೆ ಪೆಟ್ಟು ಎರಡು ಪಟ್ಟು, ಆದರೆ ಅವನ ಗುಂಡು ನಿಮ್ಮನ್ನು ಕೊಲ್ಲುತ್ತದೆ. ಒಂದೇ ಬಣ್ಣದ ಮೂವರನ್ನು ಸಾಲಾಗಿ ಹೊಡೆದರೆ ಸರಪಳಿ. ಐದೇ ಸ್ಟೇಜು. ನನಗೆ ಇದು ಶೂಟರ್‌ಗಿಂತ ಜಾಸ್ತಿ ಒಗಟು ಬಿಡಿಸಿದ ಹಾಗೆ ಅನ್ನಿಸುತ್ತದೆ. ಮೆಚ್ಚುತ್ತೇನೆ, ಆದರೆ ದಿನಾ ಆಡುವ ಆಟವಲ್ಲ ನನಗೆ.

1996ರ ಬ್ಯಾಟಲ್ ಗರೆಗ್ಗಾ ಬಗ್ಗೆ ಹೇಳದಿದ್ದರೆ ಅದರ ಅಭಿಮಾನಿಗಳು ನನ್ನನ್ನು ಬಿಡುವುದಿಲ್ಲ. ನೀವು ಜಾಸ್ತಿ ಗುಂಡು ಹಾರಿಸಿದಷ್ಟೂ, ಜಾಸ್ತಿ ಶಕ್ತಿ ಬಾಚಿಕೊಂಡಷ್ಟೂ ಅದು ಒಳಗೊಳಗೇ ಕಷ್ಟವಾಗುತ್ತಾ ಹೋಗುತ್ತದೆ. ಸತ್ತರೆ ಆ ಕಷ್ಟ ಸ್ವಲ್ಪ ಇಳಿಯುತ್ತದೆ. ಹಾಗಾಗಿ ಬಲ್ಲವರು ಬೇಕೆಂದೇ ಸಾಯುವ ಜಾಗಗಳನ್ನು ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ಹೊಸಬರು ಇದರಿಂದ ಶುರು ಮಾಡಬೇಡಿ.

ಪ್ರಶ್ನೆ: ಆಂಟಿ, ನಾನು ಎಂಟನೇ ಕ್ಲಾಸು. ನನ್ನ ಕೈ ತುಂಬಾ ನಿಧಾನ ಅಂತ ಎಲ್ಲರೂ ಹೇಳುತ್ತಾರೆ. ನಾನು ಯಾವ ಆಟದಿಂದ ಶುರು ಮಾಡಲಿ? ಮೊಬೈಲ್ ಸಾಕಾ?

ನೀನು ಬರೆದದ್ದು ಒಳ್ಳೆಯದಾಯಿತು, ಪುಟ್ಟಿ. ಕೈ ವೇಗ ಬೇಕಾಗುವುದು ನೀನು ಅಂದುಕೊಂಡಷ್ಟು ಇಲ್ಲ. ಗುಂಡು ಕಡಿಮೆ, ವೇಗ ಜಾಸ್ತಿ ಇರುವ ಹಳೆಯ ಆಟಗಳಲ್ಲಿ, 1990ರ ರೈಡೆನ್‌ನಂಥವುಗಳಲ್ಲಿ, ಅದು ಸ್ವಲ್ಪ ಬೇಕು. ನಿನಗೆ ನಿಧಾನ ಗುಂಡಿನ ಆಟಗಳೇ ಸರಿ. ಕೇವ್ ಕಂಪನಿಯ ಮುಶಿಹಿಮೆಸಾಮ 2004ರಲ್ಲಿ ಬಂದದ್ದು. ಕಾಡು, ದೊಡ್ಡ ದೊಡ್ಡ ಹುಳುಗಳು, ದುಂಬಿಯ ಮೇಲೆ ಕುಳಿತು ಹಾರುವ ಒಬ್ಬ ರಾಜಕುಮಾರಿ. ಈಗ ಕಂಪ್ಯೂಟರಿಗೂ, ನಿಂಟೆಂಡೊ ಸ್ವಿಚ್ ಎಂಬ ಆಟದ ಯಂತ್ರಕ್ಕೂ ಸಿಗುತ್ತದೆ. ಅದರಲ್ಲಿ ಹೊಸಬರಿಗೆಂದೇ ಸುಲಭದ ಆಯ್ಕೆ ಇದೆ. ಅದನ್ನು ತೆಗೆದುಕೊಳ್ಳಲು ನಾಚಿಕೆ ಬೇಡ. ಅಲ್ಟ್ರಾ ಎಂದು ಬರೆದಿರುವುದನ್ನು ಮಾತ್ರ ಈಗ ಮುಟ್ಟಬೇಡ.

ಕಂಪ್ಯೂಟರ್ ಇದ್ದರೆ ತೊಹೊ ಸರಣಿಯೂ ಇದೆ. ಝುನ್ ಎಂಬ ಹೆಸರಿನಲ್ಲಿ ಒಬ್ಬರೇ ಕುಳಿತು ಪ್ರೋಗ್ರಾಂ, ಚಿತ್ರ, ಸಂಗೀತ ಮೂರನ್ನೂ ಮಾಡುತ್ತಾ ಬಂದ ಸರಣಿ. ಶಿಫ್ಟ್ ಕೀ ಹಿಡಿದರೆ ನಿನ್ನ ಪಾತ್ರ ನಿಧಾನವಾಗಿ ಸರಿಯುತ್ತದೆ. ಇಕ್ಕಟ್ಟಿನಲ್ಲಿ ಯಾವಾಗಲೂ ಅದನ್ನು ಹಿಡಿದುಕೋ. ಕೈ ನಿಧಾನ ಅನ್ನುವವರಿಗೆ ಇದೇ ಉತ್ತರ: ಆಟವೇ ನಿಧಾನ ಹೋಗಲು ಹೇಳುವ ಜಾಗಗಳಿವೆ.

ಮೊಬೈಲ್‌ನಲ್ಲಿ ಆಡಬಹುದು, ಮಜಾ ಇದೆ. ಆದರೆ ಬೆರಳು ಎಷ್ಟು ಬೇಗ ಸರಿದರೆ ವಿಮಾನವೂ ಅಷ್ಟೇ ಬೇಗ ಸರಿಯುತ್ತದೆ. ಆರ್ಕೇಡ್ ಆಟದಲ್ಲಿ ವಿಮಾನಕ್ಕೆ ಅದರದೇ ಆದ ವೇಗವಿದೆ, ಗುಂಡುಗಳನ್ನು ಆ ವೇಗಕ್ಕೆ ಅಳೆದು ಇಟ್ಟಿರುತ್ತಾರೆ. ಜೊತೆಗೆ ಬೆರಳು ಪರದೆಯನ್ನು ಮುಚ್ಚುತ್ತದೆ. ಮೊಬೈಲ್‌ನಲ್ಲಿ ಕಲಿತದ್ದು ಹಾಳಾಗುವುದಿಲ್ಲ, ಕಣ್ಣಿಗೆ ಅಭ್ಯಾಸವಾಗಿರುತ್ತದೆ. ಕೈ ಮಾತ್ರ ಮತ್ತೆ ಕಲಿಯಬೇಕು.

ಪ್ರಶ್ನೆ: ಹೊಡೆಯುವುದು, ಸಾಯಿಸುವುದು, ಮಿನುಗುವ ಬೆಳಕು. ಮಕ್ಕಳಿಗೆ ಇದು ಒಳ್ಳೆಯದೇ? — ಇಬ್ಬರು ಮಕ್ಕಳ ತಾಯಿ

ಹೊಡೆತದ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಹೆಚ್ಚಿನ ಆಟಗಳಲ್ಲಿ ರಕ್ತವಿಲ್ಲ, ಯಂತ್ರಗಳು ಸಿಡಿಯುತ್ತವೆ. ಇಡೀ ಆಟದಲ್ಲಿ ಮಗು ಮಾಡುವ ಕೆಲಸ ಬಹುಪಾಲು ತಪ್ಪಿಸಿಕೊಳ್ಳುವುದು.

ಬೆಳಕಿನ ಬಗ್ಗೆ ನಿಮ್ಮ ಎಚ್ಚರ ಸರಿ. ಮಿನುಗುವ ಬೆಳಕಿನಿಂದ ಫಿಟ್ಸ್ ಬರುವ ತೊಂದರೆ ಮನೆಯಲ್ಲಿ ಯಾರಿಗಾದರೂ ಇದ್ದರೆ, ಡಾಕ್ಟರನ್ನು ಕೇಳದೆ ಈ ಆಟಗಳನ್ನು ಆಡಲು ಬಿಡಬೇಡಿ. ಬೇರೆಯವರೂ ಕತ್ತಲೆ ಕೋಣೆಯಲ್ಲಿ ಆಡಬಾರದು. ಒಂದು ಆಟ ಅರ್ಧ ಗಂಟೆಯೊಳಗೆ ಮುಗಿಯುವಂಥದ್ದು ಎನ್ನುವುದು ನಿಮಗೆ ಅನುಕೂಲ. ಒಂದು ಕ್ರೆಡಿಟ್ ಆದ ಮೇಲೆ ಏಳಬೇಕು ಎಂಬ ನಿಯಮ ಹಾಕಿ. ಆಟದ ಸ್ವಭಾವಕ್ಕೂ ಅದು ಒಪ್ಪುತ್ತದೆ, ಮಕ್ಕಳ ಜೊತೆ ಜಗಳವೂ ಕಡಿಮೆ.

ಪ್ರಶ್ನೆ: ನಾನು ನಿವೃತ್ತ. ಈ ವಯಸ್ಸಿನಲ್ಲಿ ಕಲಿಯಲು ಸಾಧ್ಯವೇ? ಪ್ರತಿ ಸಲವೂ ಮೂರನೇ ಸ್ಟೇಜಿನಲ್ಲೇ ನಿಲ್ಲುತ್ತೇನೆ.

ಮೂರನೇ ಸ್ಟೇಜಿಗೆ ಬಂದಿದ್ದೀರಿ ಎಂದರೆ ಕಲಿಯುವುದು ಆಗಲೇ ಶುರುವಾಗಿದೆ, ಸರ್. ಈಗ ಅಭ್ಯಾಸದ ಕ್ರಮ ಬದಲಿಸಬೇಕು. ಪ್ರತಿ ಸಲ ಮೊದಲಿನಿಂದ ಆಡಿದರೆ ಚೆನ್ನಾಗಿ ಬರುವ ಭಾಗವನ್ನೇ ಮತ್ತೆ ಮತ್ತೆ ಆಡುತ್ತೀರಿ, ಬಾರದ ಭಾಗಕ್ಕೆ ಒಂದೆರಡು ನಿಮಿಷ ಮಾತ್ರ ಸಿಗುತ್ತದೆ. ಆಟದಲ್ಲಿ ಸ್ಟೇಜ್ ಆರಿಸಿ ಅಭ್ಯಾಸ ಮಾಡುವ ಆಯ್ಕೆ ಇದೆಯೇ ನೋಡಿ. ಇದ್ದರೆ ನೇರ ಮೂರನೇ ಸ್ಟೇಜಿಗೆ ಹೋಗಿ, ನಿಮ್ಮನ್ನು ಕೊಲ್ಲುವ ಆ ಒಂದು ಜಾಗವನ್ನೇ ಆಡಿ.

ಸತ್ತ ತಕ್ಷಣ ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ಗುಂಡು ಬಂದದ್ದು ಯಾರಿಂದ? ಗುಂಡಿನ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ. ಅದನ್ನು ಬಿಟ್ಟ ಶತ್ರುವನ್ನು ಮೊದಲೇ ಹೊಡೆಯಬಹುದಿತ್ತೇ, ಅಥವಾ ಅದು ಹೊರಡುವಾಗ ನೀವು ಬೇರೆ ಕಡೆ ಇರಬಹುದಿತ್ತೇ? ನಾನು ಕರಡಿನ ಹಿಂಬದಿಯ ಖಾಲಿ ಹಾಳೆಗಳಲ್ಲಿ ಇಂಥ ಜಾಗಗಳನ್ನು ಗೀಚಿಡುತ್ತೇನೆ. ಒಂದು ಉದ್ದ ಚೌಕ, ಶತ್ರು ಬರುವ ಕಡೆಗೆ ಬಾಣ, ನಾನು ನಿಲ್ಲಬೇಕಾದ ಕಡೆ ಚುಕ್ಕೆ. ಮತ್ತೇನೂ ಬೇಡ.

ಕೆಲವು ಆಟಗಳಲ್ಲಿ ಬಟನ್ ತಟ್ಟುತ್ತಾ ಹೋದರೆ ಗುಂಡು ಅಗಲವಾಗಿ ಹರಡುತ್ತದೆ, ಒತ್ತಿ ಹಿಡಿದರೆ ಲೇಸರ್ ಆಗಿ ವಿಮಾನ ನಿಧಾನವಾಗುತ್ತದೆ. ಡೊಡಾನ್‌ಪಾಚಿಯಲ್ಲಿ ಹಾಗೇ. ಬಾಸ್ ಎದುರು ಲೇಸರ್ ಹಿಡಿದೇ ಆಡಿ. ಪೆಟ್ಟೂ ಜಾಸ್ತಿ, ವಿಮಾನವೂ ಹಿಡಿತದಲ್ಲಿರುತ್ತದೆ. ತಟ್ಟುವ ಕೆಲಸಕ್ಕೆ ಆಟೋಫೈರ್ ಬಟನ್ (ಒತ್ತಿ ಹಿಡಿದರೆ ತಾನಾಗಿಯೇ ತಟ್ಟುತ್ತಾ ಹೋಗುವಂಥದ್ದು) ಇಟ್ಟುಕೊಳ್ಳಿ, ಮಣಿಕಟ್ಟು ನೋಯುವುದಿಲ್ಲ. ಟಿವಿಯಲ್ಲಿ ಆಡುತ್ತಿದ್ದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಹಾಕಿ. ಇಲ್ಲದಿದ್ದರೆ ಕೈ ಅಲುಗಿಸಿದ್ದು ಪರದೆಯಲ್ಲಿ ಕಾಣಲು ತಡವಾಗುತ್ತದೆ. ಸೆಕೆಂಡಿಗೆ 60 ಚಿತ್ರ ಓಡುವ ಆಟದಲ್ಲಿ ಆ ತಡ ದೊಡ್ಡದು, ಅದಕ್ಕೆ ನಿಮ್ಮ ವಯಸ್ಸನ್ನು ದೂರಬೇಡಿ.

ಯಾವ ಆಟ ಎಂದು ನೀವು ಬರೆದಿಲ್ಲ. ಮುಂದಿನ ಪತ್ರದಲ್ಲಿ ಆಟದ ಹೆಸರು ಮತ್ತು ಎಲ್ಲಿ ಸಾಯುತ್ತೀರಿ ಎನ್ನುವುದನ್ನು ಬರೆಯಿರಿ, ಸಾಧ್ಯವಾದರೆ ಒಂದು ಚಿತ್ರವನ್ನೂ ಗೀಚಿ ಕಳಿಸಿ. ನಾನು ಆಡಿದ ಆಟವಾದರೆ ಎಲ್ಲಿ ನಿಲ್ಲಬೇಕು ಎಂದು ಅದೇ ಚಿತ್ರದ ಮೇಲೆ ಚುಕ್ಕೆ ಹಾಕಿ ತಿಳಿಸುತ್ತೇನೆ.